ಕ್ಯಾಟ್ ಆದೇಶ: ತಪ್ಪು ಕಲ್ಪನೆ ಮತ್ತು ಸತ್ಯ

ಲಿನಕ್ಸ್ ಕಲಿಯುವವರು ಮೊದಲು ಪರಿಚಯ ಮಾಡಿಕೊಳ್ಳುವ ಆದೇಶಗಳಲ್ಲಿ ‘ಕ್ಯಾಟ್’ ಒಂದು. ಮುಂದೆ ಕಡತದ ಹೆಸರು ಟೈಪಿಸಿದರೆ ಸಾಕು, ಒಳಗಿದ್ದದ್ದೆಲ್ಲ ಪರದೆಗೆ ಬರುತ್ತದೆ. ಹಾಗಾಗಿ ಅದು ಕಡತ ತೋರಿಸಲೆಂದೇ ಇರುವ ಸಾಧನ ಎಂದು ಹಲವರು ತಿಳಿದಿದ್ದಾರೆ. 1971ರ ಮೊದಲ ಯುನಿಕ್ಸ್‌ನಿಂದಲೂ ಇರುವ ಈ ಆದೇಶದ ಅಸಲು ಕೆಲಸ ಜೋಡಣೆ: ಹೆಸರಿಸಿದ ಕಡತಗಳನ್ನು ಒಂದರ ಹಿಂದೆ ಒಂದರಂತೆ ಓದಿ, ಓದಿದ್ದನ್ನು ಹಾಗೇ ಹೊರಗೆ ಕಳಿಸುವುದು. ಉದ್ದದ ಕಡತ ಓದಲು ‘ಲೆಸ್’ ಆದೇಶ ಮೇಲು.

ಎರಡು ಕಡತಗಳ ನಡುವೆ ಅದು ತಾನಾಗಿ ಹೊಸ ಸಾಲು ಹಾಕುತ್ತದೆ ಎಂಬುದೂ ತಪ್ಪು. ಮೊದಲ ಕಡತದ ಕೊನೆಯಲ್ಲಿ ಎಂಟರ್ ಒತ್ತಿರದಿದ್ದರೆ ಅದರ ಕೊನೆಯ ಸಾಲಿಗೆ ಎರಡನೆಯದರ ಮೊದಲ ಸಾಲು ಅಂಟಿಕೊಳ್ಳುತ್ತದೆ. ಇನ್ನು ಬೇರೆ ಬೇರೆ ಕಡತಗಳಲ್ಲಿರುವ ಪುಸ್ತಕದ ಅಧ್ಯಾಯಗಳನ್ನೆಲ್ಲ ನಕ್ಷತ್ರ ಚಿಹ್ನೆ ಕೊಟ್ಟು ಸೇರಿಸಹೊರಟರೆ ಹತ್ತನೆಯದು ಎರಡನೆಯದಕ್ಕಿಂತ ಮೊದಲೇ ಬರಬಹುದು. ಹೆಸರುಗಳಲ್ಲಿ 01, 02 ಎಂದು ಬರೆದಿಟ್ಟರೆ ಈ ತೊಂದರೆಯಿಲ್ಲ.

ನಿಜವಾಗಿ ನಷ್ಟ ತರುವ ನಂಬಿಕೆ ಬೇರೆಯೇ ಇದೆ. ಎರಡು ಕಡತಗಳ ಹೆಸರು ಕೊಟ್ಟು, ‘>’ ಹಾಕಿ, ಫಲಿತಾಂಶವನ್ನು ಮೊದಲನೆಯದರಲ್ಲೇ ಉಳಿಸಬಹುದು ಎಂಬ ನಂಬಿಕೆ. ‘>’ ಚಿಹ್ನೆಯನ್ನು ನೋಡಿಕೊಳ್ಳುವುದು ಆದೇಶಗಳನ್ನು ಓದಿ ನಡೆಸುವ ಶೆಲ್, ಕ್ಯಾಟ್ ಅಲ್ಲ. ಕ್ಯಾಟ್ ಓದಲು ಶುರುಮಾಡುವ ಮುಂಚೆಯೇ ಶೆಲ್ ಆ ಕಡತವನ್ನು ಖಾಲಿ ಮಾಡಿಬಿಟ್ಟಿರುತ್ತದೆ. ಹೋದ ಬರಹ ಕಸದ ಬುಟ್ಟಿಯಲ್ಲೂ ಸಿಗುವುದಿಲ್ಲ. ಎರಡನೆಯದನ್ನಷ್ಟೇ ಓದಿಸಿ ‘>>’ ಬಳಸಿ ಮೊದಲನೆಯದರ ಕೊನೆಗೆ ಸೇರಿಸಿ, ಇಲ್ಲವೇ ಹೊಸ ಹೆಸರಿನ ಕಡತಕ್ಕೆ ಬರೆಯಿಸಿ.

ಕ್ಯಾಟ್ ಕನ್ನಡವನ್ನು ಕೆಡಿಸುತ್ತದೆ ಎಂಬ ದೂರಿನಲ್ಲೂ ಹುರುಳಿಲ್ಲ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು. ‘ಕ್ಯಾ’ ಎಂಬ ಒಂದೇ ಅಕ್ಷರದಲ್ಲಿ ಕ, ವಿರಾಮ, ಯ, ದೀರ್ಘ ಸೇರಿ 12 ಬೈಟ್. ಕ್ಯಾಟ್‌ಗೆ ಅಕ್ಷರದ ಅರಿವೇ ಇಲ್ಲ, ಬೈಟುಗಳನ್ನು ಒಂದೂ ಬಿಡದೆ ದಾಟಿಸುತ್ತದೆ. ಒತ್ತಕ್ಷರ ಒಡೆದು ಕಂಡರೆ ದೋಷ ಟರ್ಮಿನಲ್ಲಿನದ್ದು ಅಥವಾ ಫಾಂಟಿನದ್ದು. ಅದೇ ಕಡತವನ್ನು ಕನ್ನಡ ಸರಿಯಾಗಿ ತೋರಿಸುವ ಸಂಪಾದಕದಲ್ಲಿ ತೆರೆದರೆ ಗೊತ್ತಾಗುತ್ತದೆ. ಆದರೆ ಹಳೆಯ ನುಡಿ ಫಾಂಟಿನ ಬರಹವನ್ನು ಯುನಿಕೋಡ್ ಬರಹದ ಜತೆ ಜೋಡಿಸಿದರೆ ಒಂದೇ ಕಡತದಲ್ಲಿ ಎರಡು ಸಂಕೇತ ವ್ಯವಸ್ಥೆಗಳು ಕೂರುತ್ತವೆ, ಅರ್ಧ ಬರಹ ಓದಲಾಗದು. ಹಳೆಯದನ್ನು ಪರಿವರ್ತಕದ ಮೂಲಕ ಯುನಿಕೋಡಿಗೆ ತಂದು, ತೆರೆದು ಓದಿ ನೋಡಿ, ಆಮೇಲೆ ಜೋಡಿಸಬೇಕು.