ಹೊಂಡ ತೋಡಿದರೆ ಮುಗಿಯಲಿಲ್ಲ

ನಿವೃತ್ತನಾದ ಮೇಲೆ ನನ್ನ ಪಾಲಿಗೆ ಉಳಿದದ್ದು ತುಮಕೂರು ಜಿಲ್ಲೆಯ ಉತ್ತರ ಭಾಗದಲ್ಲಿರುವ ಆರು ಎಕರೆ ಖುಷ್ಕಿ ಜಮೀನು. ರಾಗಿ, ಕಡಲೆಕಾಯಿ, ಒಂದಿಷ್ಟು ಮಾವಿನ ಸಸಿ. 2022ರ ಮೇ ತಿಂಗಳಲ್ಲಿ ಅದರ ತಗ್ಗಿನ ಮೂಲೆಯಲ್ಲಿ ಒಂದು ಹೊಂಡ ತೋಡಿಸಿದೆ. ಮೇಲ್ಭಾಗದಲ್ಲಿ ಅರವತ್ತು ಅಡಿ ಚೌಕ, ತಳದಲ್ಲಿ ನಲವತ್ತು, ಆಳ ಹತ್ತು ಅಡಿ. ಹಿಟಾಚಿ ಯಂತ್ರ ಎರಡೇ ದಿನಗಳಲ್ಲಿ ಕೆಲಸ ಮುಗಿಸಿ ಹೊರಟುಹೋಯಿತು. ಆ ವರ್ಷ ರಾಜ್ಯದಲ್ಲಿ ಸುರಿದ ಮಳೆಯನ್ನು ಓದುಗರು ಮರೆತಿರಲಾರರು. ಹಸ್ತ ಮಳೆಯ ಹೊತ್ತಿಗೆ ಹೊಂಡ ತುಂಬಿ ತುಳುಕಿತು. ನನ್ನ ಶ್ರೀಮತಿ ಬಾಗಿನ ಅರ್ಪಿಸಿದಳು. ನಾನು ಮಕ್ಕಳಿಗೆ ಛಾಯಾಚಿತ್ರ ಕಳುಹಿಸಿದೆ. ಸಂಕ್ರಾಂತಿಗೆ ಊರಿಗೆ ಹೋದಾಗ ತಳದ ಕೆಸರು ಬಿರುಕು ಬಿಟ್ಟಿತ್ತು.

ಸೇವೆಯಲ್ಲಿದ್ದಾಗ ಇಂತಹ ನೂರಾರು ಹೊಂಡಗಳ ಪ್ರಗತಿ ವರದಿಗೆ ನಾನೇ ಸಹಿ ಹಾಕಿದ್ದೇನೆ. ಅವುಗಳಲ್ಲಿ ಗುರಿ ಮತ್ತು ಸಾಧನೆ ಎಂಬ ಎರಡು ಅಂಕಣಗಳಿರುತ್ತಿದ್ದವು. ಅಳತೆ ಪುಸ್ತಕದಲ್ಲಿ ಎಷ್ಟು ಘನ ಮೀಟರ್ ಮಣ್ಣು ತೆಗೆಯಲಾಯಿತೆಂದು ಬರೆಯುತ್ತಿದ್ದರು, ಅದಕ್ಕೆ ಹಣ ಪಾವತಿಯಾಗುತ್ತಿತ್ತು. ಜನವರಿಯಲ್ಲಿ ಆ ಗುಂಡಿಯಲ್ಲಿ ಎಷ್ಟು ನೀರಿತ್ತು ಎಂದು ಕೇಳುವ ಅಂಕಣ ಎಲ್ಲಿಯೂ ಇರಲಿಲ್ಲ. ನಾನೂ ಕೇಳಲಿಲ್ಲ. ಆದ್ದರಿಂದ ಬಿರುಕು ಬಿಟ್ಟ ನನ್ನ ಹೊಂಡದ ದಂಡೆಯಲ್ಲಿ ನಿಂತಾಗ ಯಾರನ್ನೂ ದೂರುವ ಹಕ್ಕು ನನಗಿರಲಿಲ್ಲ.

ಮೊದಲೇ ಮಾಡಬೇಕಾಗಿದ್ದ ಲೆಕ್ಕವನ್ನು ಆಮೇಲೆ ಮಾಡಿದೆ. ಒಂದು ಎಕರೆಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಸುಮಾರು 4,000 ಲೀಟರ್ ನೀರು. ವರ್ಷಕ್ಕೆ 600 ಮಿಲಿಮೀಟರ್ ಎಂದರೆ ಎಕರೆಗೆ 24 ಲಕ್ಷ ಲೀಟರ್. ಅದರಲ್ಲಿ ಹತ್ತನೆಯ ಒಂದು ಭಾಗ ಹರಿದು ಬಂದರೂ 2.4 ಲಕ್ಷ. ನನ್ನ ಹೊಂಡ ಹಿಡಿಯುವುದು ಏಳು ಲಕ್ಷ ಲೀಟರ್. ಅಂದರೆ ಸಾಧಾರಣ ವರ್ಷದಲ್ಲಿ ಮೂರು ಎಕರೆಯ ಇಳಿಜಾರು ಸಾಕು. ಒಂದು ಎಕರೆಗೆ ಒಂದು ಅಂಗುಲ ನೀರು ಕೊಡಲು ಒಂದು ಲಕ್ಷ ಲೀಟರ್ ಬೇಕು. ಆದ್ದರಿಂದ ತೆನೆ ಕಟ್ಟುವ ಸಮಯದಲ್ಲಿ ಮಳೆ ಕೈಕೊಟ್ಟರೆ ಮೂರು ಎಕರೆ ರಾಗಿಗೆ ಎರಡು ಅಂಗುಲ ಕೊಟ್ಟು, ಮಾವಿನ ಸಸಿಗಳಿಗೂ ಕೊಂಚ ಉಳಿಸಬಹುದು. ಆದಾಯದ ಕಡೆಯ ಲೆಕ್ಕ ಇದು.

ವೆಚ್ಚದ ಕಡೆಯದು ಅಷ್ಟು ಸುಖಕರವಲ್ಲ. ನಮ್ಮ ಬಯಲುಸೀಮೆಯ ಬಿಸಿಲಿಗೆ ತೆರೆದ ನೀರು ವರ್ಷಕ್ಕೆ ಒಂದೂವರೆ ಮೀಟರಿಗೂ ಹೆಚ್ಚು ಆವಿಯಾಗುತ್ತದೆ. ಅರವತ್ತು ಅಡಿ ಚೌಕದ ಮೇಲ್ಮೈ ವರ್ಷವಿಡೀ ತುಂಬಿಯೇ ಇರುವುದಾದರೆ ಐದು ಲಕ್ಷ ಲೀಟರನ್ನು ಸೂರ್ಯನೇ ಕುಡಿದುಬಿಡುತ್ತಾನೆ. ಮತ್ತೆ ಹೊಂಡ ತೋಡುವ ಅವಕಾಶ ಬಂದರೆ ಅಗಲವನ್ನು ತಗ್ಗಿಸಿ ಆಳವನ್ನು ಹೆಚ್ಚಿಸುತ್ತೇನೆ. ಆದರೆ ಮೂರೇ ತಿಂಗಳಲ್ಲಿ ಏಳು ಲಕ್ಷ ಲೀಟರ್ ಬಿಸಿಲಿಗೆ ಹೋಗುವುದು ಸಾಧ್ಯವಿಲ್ಲ. ಬಹುಪಾಲು ನೀರು ತಳದ ಕೆಂಪು ಮರಳುಮಣ್ಣಿನಲ್ಲಿ ಇಂಗಿಹೋಗಿತ್ತು.

ಪಕ್ಕದ ಜಮೀನಿನವರು ಪಾಲಿಥಿನ್ ಹಾಳೆ ಹೊದಿಸಲು ಸಲಹೆ ಮಾಡಿದರು. 2014ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆಯ ಹೊಂಡಗಳಲ್ಲಿ ಅದನ್ನು ಎಲ್ಲರೂ ಕಂಡಿದ್ದೇವೆ. ಆ ಹಾಳೆಯನ್ನು ನಾನು ಹಳಿಯಲಾರೆ. ಒಂದೇ ಒಂದು ನೀರಾವರಿಗಾಗಿ ಬೆಳೆ ಒಣಗುತ್ತಿರುವ ಸಣ್ಣ ರೈತನಿಗೆ, ಅದೂ ಮರಳುಮಣ್ಣಿನ ಜಮೀನಿನಲ್ಲಿ, ಅದೇ ಸರಿಯಾದ ಉತ್ತರ. ನಾನು ಅದನ್ನು ಬೇಡವೆಂದದ್ದಕ್ಕೆ ಬೇರೊಂದು ಕಾರಣವಿತ್ತು.

2022ರ ಸೆಪ್ಟೆಂಬರಿನ ಒಂದು ಮಧ್ಯಾಹ್ನ ಊರಿನ ಹತ್ತು ವರ್ಷದ ಹುಡುಗನೊಬ್ಬ ನೀರಿಗಿಳಿದ ಮೇಕೆ ಮರಿಯ ಹಿಂದೆ ತಾನೂ ಇಳಿದ. ಇಳಿದವನಿಗೆ ಒದ್ದೆ ಮಣ್ಣಿನ ಇಳಿಜಾರನ್ನು ಹತ್ತಲಾಗಲಿಲ್ಲ. ಕಳೆ ಕೀಳುತ್ತಿದ್ದ ಹೆಂಗಸರು ಕೂಗು ಕೇಳಿ ಓಡಿಬಂದು ಹಗ್ಗ ಎಸೆದು ಎಳೆದುಕೊಂಡರು. ಹುಡುಗ ಉಳಿದ. ನಾನು ಆಗ ಬೆಂಗಳೂರಿನಲ್ಲಿದ್ದೆ. ಸುದ್ದಿ ತಿಳಿದದ್ದು ರಾತ್ರಿ. ಬೇಲಿಯನ್ನು ಬೆಳೆ ಕೊಯ್ಲಾದ ಮೇಲೆ ಹಾಕಿಸಿದರಾಯಿತೆಂದು ಮುಂದೂಡಿದ್ದವನು ನಾನೇ. ಪಾಲಿಥಿನ್ ಹಾಳೆ ಒದ್ದೆಯಾದರೆ ಆ ಮಣ್ಣಿಗಿಂತಲೂ ಜಾರುತ್ತದೆ, ಈಜು ಬಲ್ಲವರೂ ಹತ್ತಿ ಬರಲಾರರು. ಕೃಷಿ ಹೊಂಡದಲ್ಲಿ ಮಕ್ಕಳು ಮುಳುಗಿದ ಸುದ್ದಿಯನ್ನು ನಾವು ಪ್ರತಿವರ್ಷ ಜಿಲ್ಲಾ ಪುಟಗಳಲ್ಲಿ ಓದಿ ಪುಟ ತಿರುವುತ್ತೇವೆ. 2023-24ರಲ್ಲಿ ಕೃಷಿ ಭಾಗ್ಯ ಮತ್ತೆ ಜಾರಿಗೆ ಬಂದಾಗ ಹೊಂಡದ ಸುತ್ತಲಿನ ತಂತಿ ಬೇಲಿಯನ್ನೂ ಅದರಲ್ಲಿ ಸೇರಿಸಿದ್ದು ಒಳ್ಳೆಯದಾಯಿತು. ನನ್ನ ಅಭಿಪ್ರಾಯದಲ್ಲಿ ಬೇಲಿಯಿಲ್ಲದ ಹೊಂಡವನ್ನು ಪೂರ್ಣಗೊಂಡ ಕಾಮಗಾರಿ ಎಂದು ಯಾರೂ ಪ್ರಮಾಣೀಕರಿಸಬಾರದು. ಮರುವಾರವೇ ಬೇಲಿ ಹಾಕಿಸಿದೆ. ನೀರು ತಗ್ಗಿದ ಮೇಲೆ ಒಂದು ಬದಿಯ ಇಳಿಜಾರನ್ನು ಸಡಿಲಿಸಿ, ಬಿದ್ದವರು ನಡೆದು ಬರುವಂತೆ ಕಲ್ಲಿನ ಮೆಟ್ಟಿಲು ಕಟ್ಟಿಸಿದೆ.

2023 ಬರದ ವರ್ಷ. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಘೋಷಿಸಲಾಯಿತು. ಹೊಂಡಕ್ಕೆ ನೀರು ಬರಲಿಲ್ಲ. ಊರ ಕೆರೆಯೂ ಒಣಗಿತು. ಒಂದು ವಿಧದಲ್ಲಿ ಅದು ಅನುಕೂಲವೇ ಆಯಿತು. ಕೆರೆಯಂಗಳದ ಗೋಡು ನಮ್ಮ ಕಡೆ ಹೊಲಕ್ಕೆ ಹೊಡೆಯುವ ಗೊಬ್ಬರ. ಆದರೆ ಆ ನುಣುಪಾದ ಜೇಡಿಯ ಗುಣ ನೀರು ಹಿಡಿಯುವುದು. ಪಂಚಾಯಿತಿಗೆ ತಿಳಿಸಿ ಇಪ್ಪತ್ತಕ್ಕೂ ಹೆಚ್ಚು ಟ್ರ್ಯಾಕ್ಟರ್ ಲೋಡು ಗೋಡು ತರಿಸಿದೆ. ತಳಕ್ಕೂ ಬದಿಗಳ ಕೆಳಗಿನ ಅರ್ಧಕ್ಕೂ ಮುಕ್ಕಾಲು ಅಡಿ ದಪ್ಪಕ್ಕೆ, ಒಂದೇ ಸಲಕ್ಕೆ ಸುರಿಯದೆ ಮೂರು ಪದರಗಳಲ್ಲಿ ಹಾಸಿದೆವು. ಪ್ರತಿ ಪದರಕ್ಕೂ ಟ್ಯಾಂಕರಿನ ನೀರು ಚಿಮುಕಿಸಿ, ಕೆಸರಾಗದಷ್ಟು ಹದ ಮಾಡಿದೆವು. ತುಳಿಸುವುದಕ್ಕೆ ಯಂತ್ರ ಬೇಕಾಗಲಿಲ್ಲ. ಹೊಲಗಳಲ್ಲಿ ಮಂದೆ ನಿಲ್ಲಿಸುವ ಕುರಿಗಾಹಿಗಳನ್ನು ಕೇಳಿಕೊಂಡೆ. ನಾಲ್ಕು ರಾತ್ರಿ ಕುರಿಗಳು ಹೊಂಡದೊಳಗೇ ಮಲಗಿದವು. ಅವುಗಳ ಚೂಪು ಗೊರಸು ಜೇಡಿಯನ್ನು ಗಟ್ಟಿಯಾಗಿ ಅಮುಕುತ್ತದೆ. ಬಿದ್ದ ಹಿಕ್ಕೆ ಕೊಳೆತು ಮಣ್ಣಿನ ಸಂದುಗಳನ್ನು ಮುಚ್ಚುತ್ತದೆ. ನಿವೃತ್ತ ಅಧಿಕಾರಿ ಗುಂಡಿಯಲ್ಲಿ ಕುರಿ ಸಾಕುತ್ತಿದ್ದಾನೆಂದು ಊರಿನಲ್ಲಿ ಕೆಲವು ದಿನ ಮಾತಾಯಿತು. ಮೇಲಿನ ಅರ್ಧ ಭಾಗಕ್ಕೆ ಜೇಡಿ ಬೇಡವೆಂದು ಬಿಟ್ಟೆ. ಅಲ್ಲಿ ಇಂಗುವ ನೀರು ನಷ್ಟವಲ್ಲ, ಸುತ್ತಲಿನ ಕೊಳವೆಬಾವಿಗಳಿಗೆ ಸೇರುತ್ತದೆ.

ಇದರಲ್ಲಿ ಹೊಸದೇನೂ ಇಲ್ಲ. ಈಗಿನ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ವಿಜಯನಗರದ ಮೊದಲನೇ ಬುಕ್ಕನ ಮಗ ಭಾಸ್ಕರ ಕಟ್ಟಿಸಿದ ಕೆರೆಯ ಬಳಿ 1369ರ ಶಾಸನವೊಂದಿದೆ. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ತಟ್ಟುವ ಆರು ದೋಷಗಳನ್ನೂ ಅದು ಎಣಿಸುತ್ತದೆ. ಗಟ್ಟಿ ಜೇಡಿಯ ನೆಲ ಅಂಗಗಳಲ್ಲೊಂದು; ಕಟ್ಟೆಯಿಂದ ನೀರು ಜಿನುಗುವುದು ದೋಷಗಳಲ್ಲೊಂದು. ನೀರು ಕಡಿಮೆಯಿದ್ದು ಉಣಿಸಬೇಕಾದ ನೆಲ ಹೆಚ್ಚಾಗಿರುವುದೂ ದೋಷ, ನೆಲ ಕಡಿಮೆಯಿದ್ದು ನೀರು ಹೆಚ್ಚಾಗಿರುವುದೂ ದೋಷ. ಅರ್ಥಶಾಸ್ತ್ರದ ಸ್ನಾತಕೋತ್ತರ ಪದವಿ ಪಡೆದ ನಾನು ನಂತರ ಕಾಗದದ ಮೇಲೆ ಮಾಡಿದ ಲೆಕ್ಕವನ್ನು ಅವರು ಆರೂವರೆ ಶತಮಾನಗಳ ಹಿಂದೆ ಕಲ್ಲಿನ ಮೇಲೆ ಕೆತ್ತಿಸಿದ್ದರು.

ದಂಡೆಯ ವಿಷಯವನ್ನು ಚಿಕ್ಕದಾಗಿ ಹೇಳುತ್ತೇನೆ. ತೆಗೆದ ಮಣ್ಣನ್ನು ಸುತ್ತ ಸುರಿದು ಹಾಗೆಯೇ ಬಿಟ್ಟರೆ ಮೊದಲ ಮಳೆಗೇ ಅದು ಮರಳಿ ಹೊಂಡ ಸೇರುತ್ತದೆ. ದಂಡೆಗೆ ಗರಿಕೆ, ಅದರ ಹೊರ ಅಂಚಿಗೆ ಲಾವಂಚದ ಸಾಲು ನೆಟ್ಟಿದ್ದೇವೆ. ಹೊಂಗೆಯನ್ನು ದೂರದಲ್ಲಿ ಇಟ್ಟಿದ್ದೇವೆ, ಏಕೆಂದರೆ ಮರದ ಬೇರು ಸತ್ತರೆ ಅದೇ ನೀರಿಗೆ ದಾರಿಯಾಗುತ್ತದೆ. ನೀರು ಒಳಬರುವ ಕಡೆ ಹೂಳುಗುಂಡಿಯೊಂದನ್ನು ತೆಗೆದು ಕಲ್ಲು ಹಾಸಿದ್ದೇವೆ. ವರ್ಷಕ್ಕೊಮ್ಮೆ ಅದನ್ನು ಬಳಿದರೆ ಹೊಂಡಕ್ಕೆ ಬರುವ ಹೂಳು ಕಡಿಮೆಯಾಗುತ್ತದೆ. ಕಪ್ಪೆ, ಕೊಡತಿಹುಳು, ಮಿಂಚುಳ್ಳಿಗಳನ್ನು ಯಾರೂ ತಂದು ಬಿಡಬೇಕಾಗಿಲ್ಲ, ಅವು ತಾವಾಗಿಯೇ ಬರುತ್ತವೆ.

ಇಷ್ಟೆಲ್ಲ ಮಾಡಿ ನಾನು ತೃಪ್ತನಾಗಿದ್ದಾಗ ನಮ್ಮೂರ ಹಳೆಯ ನೀರುಗಂಟಿ ನೋಡಲು ಬಂದರು. ಎಂಬತ್ತರ ಹತ್ತಿರದ ಹಿರಿಯರು; ಕೆರೆಯ ತೂಬು ಎತ್ತಿ ಗದ್ದೆಗಳಿಗೆ ನೀರು ಹಂಚುವುದು ಅವರ ಮನೆತನದ ಕಾಯಕವಾಗಿತ್ತು. ಸುತ್ತ ನಡೆದು ನೋಡಿ, "ಹೊಂಡ ಚೆಂದಾಗೈತೆ ಸ್ವಾಮಿ. ಈ ನೀರು ಮೊದ್ಲು ಎತ್ತಗೆ ಹೋಗ್ತಿತ್ತು ಅಂಬೋದು ಗೊತ್ತೈತಾ?" ಎಂದರು.

ಗೊತ್ತಿತ್ತು. ಜಮೀನಿನ ಅಂಚಿನ ಹಳ್ಳದ ಮೂಲಕ ಅದು ಊರ ಕೆರೆಗೆ ಹೋಗುತ್ತಿತ್ತು. ನನ್ನೊಬ್ಬನ ಏಳು ಲಕ್ಷ ಲೀಟರಿನಿಂದ ಕೆರೆ ಬಡವಾಗದು. ಆದರೆ ಅದೇ ಇಳಿಜಾರಿನಲ್ಲಿ ಐವತ್ತು ಹೊಂಡಗಳಾದರೆ? ಹೊಂಡದ ಲಾಭವೆಲ್ಲ ಮಾಲೀಕನಿಗೆ. ನಷ್ಟ ಮಾತ್ರ ಕೆರೆಯ ಕೆಳಗಿನ ಗದ್ದೆಯವರು, ದನಕರು, ಊರ ಬಾವಿಗಳ ನಡುವೆ ಹಂಚಿಹೋಗುವುದರಿಂದ ಯಾರ ಲೆಕ್ಕದಲ್ಲೂ ಕಾಣಿಸುವುದಿಲ್ಲ. ಬೆಂಗಳೂರಿನವರಿಗೆ ಇದರ ದೊಡ್ಡ ರೂಪ ಪರಿಚಿತ. 1933ರಲ್ಲಿ ಅರ್ಕಾವತಿಗೆ ಕಟ್ಟಿದ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಒಳಹರಿವು ಕುಸಿದದ್ದೇಕೆಂದು ಪರಿಶೀಲಿಸಿ 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ಬೊಟ್ಟು ಮಾಡಿದ್ದು ಮಳೆಯ ಕಡೆಗಲ್ಲ, ಮನುಷ್ಯರ ಕಡೆಗೆ: ಎಲ್ಲಕ್ಕಿಂತ ಮುಖ್ಯವಾಗಿ ಕೊಳವೆಬಾವಿ, ಅದರ ಜೊತೆಗೆ ನೀಲಗಿರಿ ತೋಪುಗಳು. ಹಳ್ಳಗಳ ಅಡ್ಡಗಟ್ಟೆಗಳನ್ನೂ ಅದು ಲೆಕ್ಕಕ್ಕೆ ತೆಗೆದುಕೊಂಡಿತ್ತು. ರಾಜ್ಯದಲ್ಲಿ ಮೂವತ್ತಾರು ಸಾವಿರಕ್ಕೂ ಹೆಚ್ಚು ಕೆರೆಗಳಿವೆ. ಹೊಂಡಕ್ಕೆ ಸಹಾಯಧನ ಕೊಡುವಾಗ ಅದರ ಕೆಳಗಿರುವ ಕೆರೆಯ ಹೆಸರನ್ನು ಅರ್ಜಿಯಲ್ಲಿ ಬರೆಸಬೇಕೆಂದು ನನಗೆ ಸೇವಾವಧಿಯಲ್ಲಿ ಹೊಳೆಯಲೇ ಇಲ್ಲ.

ಕೋಡಿಯನ್ನು ಒಂದು ಅಡಿ ತಗ್ಗಿಸೋಣವೇ ಎಂದು ಅವರನ್ನೇ ಕೇಳಿದೆ. ಅವರು ಒಂದೂವರೆ ಎಂದರು. ಹಾಗೆಯೇ ಮಾಡಿಸಿದೆ, ಸುಮಾರು ಒಂದೂವರೆ ಲಕ್ಷ ಲೀಟರ್ ಬಿಟ್ಟುಕೊಟ್ಟ ಹಾಗಾಯಿತು. 2024ರ ಅಕ್ಟೋಬರಿನಲ್ಲಿ, ಚಿತ್ತೆ ಮಳೆಯ ಒಂದು ರಾತ್ರಿ ಕಳೆದ ಮೇಲೆ, ಕೋಡಿ ಹರಿದ ನೀರು ಹಳ್ಳ ಸೇರಿದ್ದನ್ನು ಇಬ್ಬರೂ ನಿಂತು ನೋಡಿದೆವು. ಮರುವರ್ಷದ ಫೆಬ್ರವರಿ ಕೊನೆಯಲ್ಲಿ ಅಳೆದಾಗ ಹೊಂಡದಲ್ಲಿ ಮೂರಡಿ ನೀರಿತ್ತು.

ಈಗ ನನ್ನ ಜಮೀನಿನ ಮೇಲಿನ ಇಳಿಜಾರಿನಲ್ಲಿ ಇನ್ನೆರಡು ಹೊಂಡಗಳಿಗೆ ಗುರುತು ಹಾಕಿದ್ದಾರೆ. ಅಲ್ಲಿ ನಿಲ್ಲುವ ನೀರು ನನ್ನ ಹೊಂಡಕ್ಕೆ ಬರುವ ನೀರೇ. ಕೋಡಿಯ ಎತ್ತರದ ಬಗ್ಗೆ ಮಾತನಾಡಲು ನೀರುಗಂಟಿಯವರನ್ನು ಕರೆದುಕೊಂಡು ಹೋಗಿದ್ದೆ. ಮಾಲೀಕರಲ್ಲಿ ಒಬ್ಬರು ಒಪ್ಪಿದ್ದಾರೆ. ಇನ್ನೊಬ್ಬರು ಯೋಚಿಸಿ ಹೇಳುತ್ತೇನೆ ಎಂದಿದ್ದಾರೆ.