ಓಲೆಗರಿಗೆ ತಕ್ಕ ಕೈಸ್ಕ್ಯಾನರು: ರಚನಾವಿಚಾರ

ಹಸ್ತಪ್ರತಿಗಳ ಪುಷ್ಪಿಕೆಗಳನ್ನು ಪರಿಶೀಲಿಸಿದ ವಿದ್ವಾಂಸರಿಗೆಲ್ಲ ಸುಪರಿಚಿತವಾದ ಸಂಗತಿಯೊಂದುಂಟು. ಗ್ರಂಥವನ್ನು ಬರೆದು ಮುಗಿಸಿದ ಲಿಪಿಕಾರನು ಕಾಲ, ಸ್ಥಳ, ಬರೆಯಿಸಿದ ದಾನಿ, ಗುರುಪರಂಪರೆ ಇವುಗಳನ್ನು ಹೇಳಿದ ಬಳಿಕ ಎಷ್ಟೋ ವೇಳೆ ತನ್ನ ದೇಹದ ಆಯಾಸವನ್ನೂ ತೋಡಿಕೊಳ್ಳುತ್ತಾನೆ. ಬೆನ್ನು, ಸೊಂಟ, ಕುತ್ತಿಗೆಗಳ ನೋವನ್ನೂ ದೃಷ್ಟಿಯ ದಣಿವನ್ನೂ ನಿವೇದಿಸಿ, ಪ್ರತಿಯನ್ನು ಜತನದಿಂದ ಕಾಪಾಡಬೇಕೆಂದು ಓದುಗನನ್ನು ಬೇಡಿಕೊಳ್ಳುತ್ತಾನೆ. ಇದನ್ನು ಕೇವಲ ಸಂಪ್ರದಾಯದ ಮಾತೆಂದು ಕಡೆಗಣಿಸುವಂತಿಲ್ಲ. ದಣಿದ ಕೈ ತಪ್ಪು ಬರೆಯುತ್ತದೆ, ದಣಿದ ಕಣ್ಣು ಸಾಲು ಬಿಡುತ್ತದೆ. ಲಿಪಿಕಾರನ ದೇಹಶ್ರಮಕ್ಕೂ ಗ್ರಂಥದ ಪಾಠಶುದ್ಧಿಗೂ ನೇರವಾದ ಸಂಬಂಧವಿದೆ.

ಇಂದು ಪ್ರತಿಮಾಡುವ ಕಾರ್ಯವು ಬಹುಮಟ್ಟಿಗೆ ಲೇಖನಿಯಿಂದ ಯಂತ್ರಕ್ಕೆ ವರ್ಗವಾಗಿದೆ. 2003ರಲ್ಲಿ ರಾಷ್ಟ್ರೀಯ ಹಸ್ತಪ್ರತಿ ಮಿಷನ್ ಆರಂಭವಾಯಿತು. 2025ರಲ್ಲಿ ಒಂದು ಕೋಟಿಗೂ ಮಿಕ್ಕ ಹಸ್ತಪ್ರತಿಗಳ ಸಮೀಕ್ಷೆ, ದಾಖಲೀಕರಣ ಮತ್ತು ಸಂರಕ್ಷಣೆಯನ್ನು ಉದ್ದೇಶಿಸಿ ಜ್ಞಾನಭಾರತಂ ಯೋಜನೆಯನ್ನು ಘೋಷಿಸಲಾಯಿತು. ಆದರೆ ಯಂತ್ರವನ್ನು ಹಿಡಿಯುವುದು ಮನುಷ್ಯನ ಕೈಯೇ. ಆದುದರಿಂದ ಓಲೆಗರಿಗಳ ಬಿಂಬವನ್ನು ತೆಗೆಯುವ ಕೈಸ್ಕ್ಯಾನರು ಹೇಗಿರಬೇಕು, ಅದು ಕೈಗೂ ಗರಿಗೂ ಏಕಕಾಲದಲ್ಲಿ ಹೇಗೆ ಹೊಂದಿಕೊಳ್ಳಬೇಕು ಎಂಬುದು ಗ್ರಂಥಸಂಪಾದನೆಗೆ ಹೊರಗಾದ ವಿಷಯವಲ್ಲ.

ಮಾನ್ಯಖೇಟದ ನಿದರ್ಶನ

ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ನದಿಯ ದಡದಲ್ಲಿರುವ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ಆಳ್ವಿಕೆಯ ಕಾಲವು ಜೈನವಾಙ್ಮಯದ ಇತಿಹಾಸದಲ್ಲಿ ಅತ್ಯಂತ ಸಮೃದ್ಧವಾದುದು. ವೀರಸೇನಾಚಾರ್ಯರ ಧವಲಾ ಟೀಕೆ ಕ್ರಿ.ಶ. 816ರಲ್ಲಿ ಪೂರ್ಣಗೊಂಡಿತು, ಜಿನಸೇನಾಚಾರ್ಯರು ಜಯಧವಲೆಯನ್ನು ಕ್ರಿ.ಶ. 837ರಲ್ಲಿ ಮುಗಿಸಿದರು. ಮಹಾವೀರಾಚಾರ್ಯರ ಗಣಿತಸಾರಸಂಗ್ರಹವೂ ಆ ಅರಸನ ಕಾಲದ್ದೇ. ಮುಂದೆ ಪುಷ್ಪದಂತನು ತನ್ನ ಅಪಭ್ರಂಶ ಮಹಾಪುರಾಣವನ್ನು ಕ್ರಿ.ಶ. 965ರಲ್ಲಿ ಈ ನಗರದಲ್ಲಿಯೇ ಸಮಾಪ್ತಿಗೊಳಿಸಿದನು. ಏಳು ವರ್ಷಗಳ ತರುವಾಯ, ಕ್ರಿ.ಶ. 972ರಲ್ಲಿ, ಪರಮಾರ ಸೀಯಕನ ಸೈನ್ಯವು ಮಾನ್ಯಖೇಟವನ್ನು ಸೂರೆಮಾಡಿತು.

ಇಂದು ಮಳಖೇಡದಲ್ಲಿ ಕೋಟೆಯ ಅವಶೇಷಗಳೂ ನೇಮಿನಾಥ ಬಸದಿಯೂ ಉಳಿದಿವೆ. ಆ ಕಾಲದ ಗ್ರಂಥಗಳು ಉಳಿದುಬಂದದ್ದು ರಾಜಧಾನಿಯ ಬಲದಿಂದಲ್ಲ, ದೂರದ ಊರುಗಳಲ್ಲಿ ಪ್ರತಿಗಳಾಗಿದ್ದುದರಿಂದ. ಧವಲಾದಿ ಸಿದ್ಧಾಂತಗ್ರಂಥಗಳ ಪ್ರಾಚೀನ ಓಲೆಪ್ರತಿಗಳು ಹಳಗನ್ನಡ ಲಿಪಿಯಲ್ಲಿ ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಸುರಕ್ಷಿತವಾಗಿ ಉಳಿದುವು. ಒಂದೇ ಸ್ಥಳದಲ್ಲಿರುವ ಒಂದೇ ಪ್ರತಿ ಎಷ್ಟು ಅಪಾಯಕ್ಕೆ ಒಳಗಾಗಿರುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ.

ಒಂದು ಪದದ ಬೆಲೆ

ಧವಲಾಸಹಿತ ಷಟ್ಖಂಡಾಗಮದ ಮೊದಲ ಸಂಪುಟವು ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ 1939ರಲ್ಲಿ ಪ್ರಕಟವಾಯಿತು. ಹದಿನಾರನೆಯ ಸಂಪುಟ 1958ರಲ್ಲಿ ಹೊರಬಂದಿತು. ಮೊದಲ ಸಂಪುಟದ ಸತ್ಪ್ರರೂಪಣೆಯ 93ನೆಯ ಸೂತ್ರದಲ್ಲಿ ‘ಸಂಜದ’ ಪದವು ಸಂಪಾದಕರಿಗೆ ದೊರೆತ ಪ್ರತಿಗಳಲ್ಲಿರಲಿಲ್ಲ. ಅದು ಅಲ್ಲಿರಬೇಕೆಂದು ಅವರು ಟೀಕೆಯ ಸಂದರ್ಭದಿಂದ ಊಹಿಸಿದರು. ಮನುಷ್ಯಿಣಿಯರ ಗುಣಸ್ಥಾನಗಳನ್ನು ಕುರಿತ ಸೂತ್ರ ಅದಾದುದರಿಂದ ಪಂಡಿತರಲ್ಲಿ ದೀರ್ಘವಾದ ಚರ್ಚೆ ನಡೆಯಿತು. ಅನಂತರ ಮೂಡಬಿದಿರೆಯ ಓಲೆಪ್ರತಿಯನ್ನು ನೋಡಿದಾಗ ಆ ಪದವು ಅಲ್ಲಿರುವುದು ತಿಳಿದುಬಂದಿತು. ಸೂತ್ರದ ತಾತ್ಪರ್ಯವು ಪ್ರಕೃತ ವಿಷಯವಲ್ಲ. ಲೋಪದ ಸ್ವರೂಪವು ಮಾತ್ರ ಇಲ್ಲಿ ಗಮನಾರ್ಹ. ಹಿಂದಿನ ಪದವು ‘ಸಂಜದಾಸಂಜದ’ ಎಂದು ಮುಗಿಯುತ್ತದೆ. ಕೂಡಲೇ ಮತ್ತೆ ‘ಸಂಜದ’ ಎಂದು ಬರುತ್ತದೆ. ಒಂದೇ ಬಗೆಯ ಅಕ್ಷರಗಳು ಒತ್ತೊತ್ತಾಗಿ ಬಂದಲ್ಲಿ ಪ್ರತಿಕಾರನ ಕಣ್ಣು ಜಾರುವುದು ಸಹಜ. ಮೂಲದ ಗರಿಯ ನಿಷ್ಕೃಷ್ಟವಾದ ಬಿಂಬವು ಅಂದು ಸಂಪಾದಕರ ಮೇಜಿನ ಮೇಲೆ ಇದ್ದಿದ್ದರೆ ಪಾಠನಿರ್ಣಯವು ಒಂದು ದಿನದ ಕೆಲಸವಾಗುತ್ತಿತ್ತು.

ಯಂತ್ರದ ಲೋಪ, ಯಂತ್ರದ ಪುನರುಕ್ತಿ

ಸ್ಕ್ಯಾನರು ಒಂದೇ ಏಟಿಗೆ ಇಡೀ ಚಿತ್ರವನ್ನು ತೆಗೆಯುವುದಿಲ್ಲ. ಅದರ ಒಳಗೆ ಸಾಲಾಗಿ ಜೋಡಿಸಿದ ಸಾವಿರಾರು ಬೆಳಕುಗ್ರಾಹಕ ಬಿಂದುಗಳಿರುತ್ತವೆ. ಅವು ಗರಿಯ ಅಡ್ಡಗಲದ ಕೂದಲೆಳೆಯಷ್ಟು ಭಾಗವನ್ನು ಮಾತ್ರ ಒಮ್ಮೆಗೆ ಗ್ರಹಿಸುತ್ತವೆ. ಯಂತ್ರ ಮುಂದೆ ಸರಿದಂತೆ ಒಂದರ ಪಕ್ಕದಲ್ಲಿ ಒಂದರಂತೆ ಗೆರೆಗಳು ಸೇರಿ ಚಿತ್ರವಾಗುತ್ತದೆ. 1980ರ ದಶಕದ ಕೊನೆಯಲ್ಲಿ ಪ್ರಚಾರಕ್ಕೆ ಬಂದ ಕೈಸ್ಕ್ಯಾನರುಗಳಲ್ಲಿ ಯಂತ್ರ ಎಷ್ಟು ಸರಿಯಿತೆಂಬುದನ್ನು ತಳದಲ್ಲಿದ್ದ ಸಣ್ಣ ಉರುಳೆಯೊಂದು ಅಳೆಯುತ್ತಿತ್ತು. ಅವುಗಳ ಗ್ರಹಣದ ಅಗಲ ಸುಮಾರು ನಾಲ್ಕು ಅಂಗುಲ. ಕಚೇರಿಯ ಕಾಗದಕ್ಕೆ ಇದು ಸಾಲದಾಗಿ, ಪುಟವನ್ನು ಎರಡು ಮೂರು ಪಟ್ಟಿಗಳಲ್ಲಿ ತೆಗೆದು ಜೋಡಿಸಬೇಕಾಗುತ್ತಿತ್ತು. ಎರಡು ಅಂಗುಲ ಅಗಲದ ಓಲೆಗರಿಗಾದರೋ ನಾಲ್ಕು ಅಂಗುಲ ಧಾರಾಳವಾಯಿತು. ಕಾಗದಕ್ಕೆ ಕೊರತೆಯಾದದ್ದು ಗರಿಗೆ ಅನುಕೂಲವಾಗುವ ಅಪೂರ್ವ ಸಂದರ್ಭವಿದು.

ಆದರೆ ಕೈಯಿಂದ ನಡೆಸುವ ಯಂತ್ರದಲ್ಲಿ ಉಂಟಾಗುವ ದೋಷಗಳು ಲಿಪಿಕಾರನ ದೋಷಗಳನ್ನೇ ಹೋಲುತ್ತವೆ. ಗ್ರಾಹಕದ ಶಕ್ತಿಯನ್ನು ಮೀರಿ ಕೈ ವೇಗವಾಗಿ ಸರಿದರೆ ನಡುವಿನ ಗೆರೆಗಳು ದಾಖಲಾಗುವುದಿಲ್ಲ, ಇದು ಲೋಪ. ಕೈ ನಡುಗಿ ಉರುಳೆ ಹಿಂದುಮುಂದಾದರೆ ಒಂದೇ ಭಾಗ ಎರಡು ಬಾರಿ ಮೂಡಬಹುದು, ಇದು ಪುನರುಕ್ತಿ. ಮಣಿಕಟ್ಟು ಓರೆಯಾದರೆ ಅಕ್ಷರಪಂಕ್ತಿಯೇ ಓರೆಯಾಗುತ್ತದೆ. ಇವೆಲ್ಲವೂ ಬೆಳಗಿನ ಮೊದಲ ಹತ್ತು ಗರಿಗಳಿಗಿಂತ ಸಂಜೆಯ ಕೊನೆಯ ಹತ್ತು ಗರಿಗಳಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುವುದು ಸ್ವಾಭಾವಿಕ.

ಕೆಲಸದ ಪ್ರಮಾಣವನ್ನು ಲೆಕ್ಕಹಾಕಿದರೆ ಈ ಮಾತು ಸ್ಪಷ್ಟವಾಗುತ್ತದೆ. 26 ಅಂಗುಲ ಉದ್ದ, 2 ಅಂಗುಲ ಅಗಲದ ಗರಿಯನ್ನು ಅಂಗುಲಕ್ಕೆ 600 ಬಿಂದುಗಳ ಸೂಕ್ಷ್ಮತೆಯಲ್ಲಿ ಗ್ರಹಿಸಿದರೆ ಒಂದು ಪಾರ್ಶ್ವಕ್ಕೆ 1 ಕೋಟಿ 87 ಲಕ್ಷ ಬಿಂದುಗಳಾಗುತ್ತವೆ. ಕೈಯು ಸೆಕೆಂಡಿಗೆ ಒಂದು ಅಂಗುಲದಂತೆ ಸರಿದರೆ ಯಂತ್ರವು ಸೆಕೆಂಡಿಗೆ 600 ಗೆರೆಗಳನ್ನು ಗ್ರಹಿಸಬೇಕು; ಒಂದು ಪಾರ್ಶ್ವಕ್ಕೆ 26 ಸೆಕೆಂಡು ಹಿಡಿಯುತ್ತದೆ. 300 ಗರಿಗಳ ಕಟ್ಟಿನಲ್ಲಿ 600 ಪಾರ್ಶ್ವಗಳು. ಕೈಯ ಚಲನೆಯೊಂದಕ್ಕೇ 4 ಗಂಟೆ 20 ನಿಮಿಷ ಬೇಕು. ಗರಿಯನ್ನು ಎತ್ತುವ, ತಿರುಗಿಸುವ, ಇಡುವ ಕಾಲ ಬೇರೆ.

ಇಷ್ಟು ಸೂಕ್ಷ್ಮತೆ ಏಕೆಂದು ಕೇಳಬಹುದು. ಕಂಟದಿಂದ ಕೊರೆದ ಗೆರೆಯ ಅಗಲವನ್ನು 0.2 ಮಿ.ಮೀ. ಎಂದಿಟ್ಟುಕೊಂಡರೆ, ಅಂಗುಲಕ್ಕೆ 200 ಬಿಂದುಗಳಲ್ಲಿ ಆ ಗೆರೆಗೆ ಒಂದೆರಡು ಬಿಂದುಗಳು ಮಾತ್ರ ಸಿಗುತ್ತವೆ. 600ರಲ್ಲಿ ನಾಲ್ಕೈದು ಸಿಗುತ್ತವೆ. ದಕಾರವನ್ನು ಧಕಾರದಿಂದ, ಬಕಾರವನ್ನು ಭಕಾರದಿಂದ ಬೇರ್ಪಡಿಸುವ ಸೀಳು ಎಷ್ಟು ಕಿರಿದೆಂಬುದನ್ನು ಬಲ್ಲ ಪಂಡಿತರಿಗೆ ಈ ವ್ಯತ್ಯಾಸದ ಮಹತ್ವವನ್ನು ವಿವರಿಸಬೇಕಿಲ್ಲ.

ಕೈಗೆ ತಕ್ಕ ರಚನೆ

ದೇಹಾನುಕೂಲ ವಿನ್ಯಾಸಶಾಸ್ತ್ರದ ಸಾಮಾನ್ಯ ನಿಯಮಗಳು ಸರಳವಾಗಿವೆ. ಮಣಿಕಟ್ಟು ಮೇಲಕ್ಕಾಗಲಿ ಪಕ್ಕಕ್ಕಾಗಲಿ ಬಾಗದೆ ಮುಂಗೈಯ ನೇರದಲ್ಲಿರಬೇಕು. ಮುಷ್ಟಿಯಲ್ಲಿ ಹಿಡಿಯುವ ಹಿಡಿಕೆಯ ದಪ್ಪ ಸುಮಾರು 30ರಿಂದ 45 ಮಿ.ಮೀ. ಒಳಗಿರಬೇಕು. ನಯವಾದ ಕೆಲಸದ ಉಪಕರಣದ ತೂಕ 400 ಗ್ರಾಂ ಮೀರದಿರುವುದು ಲೇಸು, ಮತ್ತು ಆ ತೂಕ ಅಂಗೈಯ ನಡುವೆ ನೆಲೆಗೊಳ್ಳಬೇಕು. ಗುಂಡಿಯನ್ನು ಉದ್ದಕ್ಕೂ ಒತ್ತಿ ಹಿಡಿಯುವಂತಿರಬಾರದು. ಒಮ್ಮೆ ಮುಟ್ಟಿದರೆ ಆರಂಭ, ಮತ್ತೊಮ್ಮೆ ಮುಟ್ಟಿದರೆ ಮುಕ್ತಾಯ ಎಂಬಂತಿರಬೇಕು. ಎಡಗೈಯವರೂ ಬಲಗೈಯವರೂ ಸಮಾನವಾಗಿ ಬಳಸುವಂತೆ ಎರಡೂ ಪಕ್ಕ ಒಂದೇ ಆಕಾರ ಇರಬೇಕು.

ಇದಕ್ಕೆ ನಮ್ಮ ಕಡೆಯ ರೂಢಿಯನ್ನೂ ಸೇರಿಸಬೇಕು. ಬಸದಿಯ ಮಂಟಪದಲ್ಲಿ ಅಥವಾ ಮನೆಯ ಪಡಸಾಲೆಯಲ್ಲಿ ಕೆಲಸ ಮಾಡುವವರು ಕುರ್ಚಿಯ ಮೇಲೆ ಕೂರದೆ ನೆಲದ ಮೇಲೆ ಪದ್ಮಾಸನದಲ್ಲೋ ಚಕ್ಕಳಮಕ್ಕಳದಲ್ಲೋ ಕೂರುತ್ತಾರೆ. ಮೇಜಿನ ಎತ್ತರಕ್ಕೆಂದು ಮಾಡಿದ ಯಂತ್ರವನ್ನು ನೆಲದ ಮೇಲಿಟ್ಟರೆ ಬೆನ್ನೂ ಕುತ್ತಿಗೆಯೂ ಬಾಗಿ, ಪುಷ್ಪಿಕೆಯ ಲಿಪಿಕಾರನ ಸ್ಥಿತಿಯೇ ಮರುಕಳಿಸುತ್ತದೆ. ಕುಳಿತವರ ಮೊಣಕೈಗಿಂತ ತುಸು ಕೆಳಗೆ ಬರುವಂತಹ ತಗ್ಗಾದ ಪೀಠವೇ ಇದಕ್ಕೆ ಪರಿಹಾರ. ಪೀಠದ ಹಾಸಿಗೆ ಈ ಸೀಮೆಯ ಶಹಾಬಾದ್ ಕಲ್ಲು ಚೆನ್ನಾಗಿ ಒದಗುತ್ತದೆ. ಪದರಪದರವಾಗಿ ಸೀಳುವ ಆ ಸುಣ್ಣಕಲ್ಲಿನ ಫರಸಿಯನ್ನು ನುಣುಪುಮಾಡಿದರೆ ಸಮತಟ್ಟಾಗುತ್ತದೆ, ಭಾರದಿಂದಾಗಿ ಅಲುಗುವುದಿಲ್ಲ. ಅದರ ಮೇಲೆ ಒಗೆದ ಹತ್ತಿಯ ಬಟ್ಟೆ ಹಾಸಿದರೆ ಗರಿಗೆ ತರಚುವ ಭಯವೂ ಇಲ್ಲ.

ಗರಿಗೆ ತಕ್ಕ ರಚನೆ

ಕಾಗದದ ಮೇಲೆ ನೇರವಾಗಿ ಉರುಳುವ ಯಂತ್ರವನ್ನು ಓಲೆಯ ಮೇಲೆ ಉರುಳಿಸಲಾಗದು. ಒಣಗಿದ ಗರಿ ಒತ್ತಡಕ್ಕೆ ಸೀಳುತ್ತದೆ. ರಂಧ್ರದ ಸುತ್ತಲಿನ ಭಾಗ ಮೊದಲು ಮುರಿಯುತ್ತದೆ. ಅಕ್ಷರಗಳಲ್ಲಿ ತುಂಬಿದ ಮಸಿ ಉದುರುತ್ತದೆ. ಸೇಡಂ, ಚಿತ್ತಾಪುರಗಳ ಬೇಸಗೆಯಲ್ಲಿ, ಬಿಸಿಲು 40 ಡಿಗ್ರಿ ಮೀರಿದಾಗ, ಈ ಅಪಾಯ ಇಮ್ಮಡಿಯಾಗುತ್ತದೆ. ಆದುದರಿಂದ ಗರಿಯ ಎರಡು ಪಕ್ಕಗಳಲ್ಲಿ ಗರಿಗಿಂತ ಎತ್ತರವಾದ ಎರಡು ಹಳಿಗಳಿರಬೇಕು. ಯಂತ್ರದ ಉರುಳೆಗಳು ಆ ಹಳಿಗಳ ಮೇಲೆ ಸೇತುವೆಯಂತೆ ಸಾಗಬೇಕೇ ಹೊರತು ಗರಿಯನ್ನು ಮುಟ್ಟಬಾರದು.

ಇಲ್ಲಿ ಒಂದು ತೊಡಕು ತಲೆದೋರುತ್ತದೆ. ಹಗುರವಾದ ಸ್ಪರ್ಶಗ್ರಾಹಕಗಳು ತೀರ ಸಮೀಪದ ವಸ್ತುವನ್ನು ಮಾತ್ರ ಸ್ಪಷ್ಟವಾಗಿ ಕಾಣುತ್ತವೆ. ಗರಿ ಸ್ವಲ್ಪ ಸುರುಳಿಯಾಗಿ ಎದ್ದರೂ ಬಿಂಬ ಮಸುಕಾಗುತ್ತದೆ. ಮಸೂರ ಮತ್ತು ಕನ್ನಡಿಗಳುಳ್ಳ ಗ್ರಾಹಕಕ್ಕೆ ಏರುಪೇರುಗಳನ್ನು ಸಹಿಸುವ ಶಕ್ತಿಯಿದೆ. ಆದರೆ ಅದರ ಗಾತ್ರವೂ ತೂಕವೂ ಹೆಚ್ಚು. ಕೈಗೆ ಹಿತವಾದುದು ಗರಿಗೆ ಒಗ್ಗದು, ಗರಿಗೆ ಒಗ್ಗುವುದು ಕೈಗೆ ಭಾರ.

ಈ ತೊಡಕಿಗೆ ಉತ್ತರವು ಹಳೆಯ ಲಿಪಿಕಾರನ ಅಭ್ಯಾಸದಲ್ಲಿಯೇ ಇದೆ. ಓಲೆಯ ಮೇಲೆ ಬರೆಯುವಾಗ ಕಂಟವು ಸಾಲಿನುದ್ದಕ್ಕೂ ಓಡುತ್ತಿರಲಿಲ್ಲ. ಬಲಗೈಯಲ್ಲಿ ಹಿಡಿದ ಕಂಟಕ್ಕೆ ಎಡಗೈಯ ಹೆಬ್ಬೆರಳು ಆಸರೆಯಾಗುತ್ತಿತ್ತು. ಎಡಗೈಯು ಗರಿಯನ್ನು ಮೆಲ್ಲಮೆಲ್ಲನೆ ಸರಿಸುತ್ತಿತ್ತು. ಉಪಕರಣ ಬಹುಮಟ್ಟಿಗೆ ಸ್ಥಿರ, ಗರಿ ಚಲ. ಇದೇ ಕ್ರಮವನ್ನು ಅನುಸರಿಸಿ, ಗ್ರಾಹಕವನ್ನು ಸೇತುವೆಯ ಮೇಲೆ ನೆಲೆಗೊಳಿಸಿ, ಗರಿಯನ್ನಿರಿಸಿದ ತೆಳುವಾದ ಹಲಗೆಯನ್ನು ಕೈಯಿಂದ ಸರಿಸಿದರೆ ಯಂತ್ರದ ಭಾರವನ್ನು ಕೈ ಹೊರಬೇಕಾಗಿಲ್ಲ. ಹಲಗೆಯ ಅಂಚಿನಲ್ಲಿ ಅಳತೆಯ ಗೀಟುಗಳಿದ್ದು ಅವನ್ನು ಯಂತ್ರವೇ ಓದುತ್ತ ಹೋದರೆ, ಕೈಯ ವೇಗ ಏರಿಳಿದರೂ ಬಿಂಬ ಹಿಗ್ಗುವುದಿಲ್ಲ, ಕುಗ್ಗುವುದಿಲ್ಲ. ಮಿತಿಮೀರಿದ ವೇಗವಾದಾಗ ಸಣ್ಣ ಸದ್ದು ಎಚ್ಚರಿಸುತ್ತದೆ. ಕಾಗದದ ಪ್ರತಿ ಅಥವಾ ಕಡತ ಎದುರಾದಾಗ ಅದೇ ಗ್ರಾಹಕವನ್ನು ಸೇತುವೆಯಿಂದ ಬಿಡಿಸಿ ಕೈಯಲ್ಲಿ ಹಿಡಿಯಬಹುದು.

ಬೆಳಕಿನ ಯೋಜನೆ

ಮೇಲಿನಿಂದ ನೇರವಾಗಿ ಬೀಳುವ ಬೆಳಕಿನಲ್ಲಿ ಮಸಿ ಅಳಿದ ಕೊರೆತವು ಕಾಣುವುದಿಲ್ಲ. ಪಕ್ಕದಿಂದ ಓರೆಯಾಗಿ ಬೆಳಕು ಬಿಟ್ಟರೆ ಕೊರೆದ ಗೆರೆಗಳಲ್ಲಿ ನೆರಳು ನಿಂತು ಅಕ್ಷರ ಎದ್ದು ತೋರುತ್ತದೆ. ಗರಿಯೇ ಕಪ್ಪಾಗಿದ್ದಲ್ಲಿ ಅವಕೆಂಪು ಕಿರಣ ಸಹಾಯಕ್ಕೆ ಬರುತ್ತದೆ. ಮನುಷ್ಯನ ಕಣ್ಣು ಸುಮಾರು 700 ನ್ಯಾನೊಮೀಟರ್‌ವರೆಗಿನ ಬೆಳಕನ್ನು ಕಾಣುತ್ತದೆ. ಸಿಲಿಕಾನ್ ಗ್ರಾಹಕವು ಸುಮಾರು 1,000 ನ್ಯಾನೊಮೀಟರ್‌ವರೆಗೂ ಕಾಣುತ್ತದೆ. ಆ ವಲಯದಲ್ಲಿ ಕಾಡಿಗೆಯ ಮಸಿ ಕಪ್ಪಾಗಿಯೇ ಉಳಿದು, ಮಾಸಿದ ಗರಿ ತಿಳಿಯಾಗಿ ತೋರುತ್ತದೆ. ಮಧ್ವಾಚಾರ್ಯರ ಸರ್ವಮೂಲಗ್ರಂಥಗಳ ಓಲೆಪ್ರತಿಯ ವಿಷಯದಲ್ಲಿ ಅಮೆರಿಕದ ರಾಚೆಸ್ಟರ್ ತಂತ್ರವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಈ ಕ್ರಮವನ್ನು ಅನುಸರಿಸಿ ಸಫಲರಾದುದು 2006ರಲ್ಲಿ ಪ್ರಸಿದ್ಧಿಗೆ ಬಂದಿತು. ಆ ಗರಿಗಳ ಉದ್ದ ಸುಮಾರು 26 ಅಂಗುಲ, ಅಗಲ 2 ಅಂಗುಲ. ಭಾಗಭಾಗವಾಗಿ ಚಿತ್ರ ತೆಗೆದು ಅನಂತರ ಜೋಡಿಸಲಾಯಿತು. ಗರಿಯುದ್ದಕ್ಕೂ ಒಂದೇ ಓಟದಲ್ಲಿ ಸಾಗುವ ಸ್ಕ್ಯಾನರಿನಲ್ಲಿ ಈ ಜೋಡಣೆಯ ಶ್ರಮ ಉಳಿಯುತ್ತದೆ. ಸಾಮಾನ್ಯ, ಓರೆ, ಅವಕೆಂಪು ಈ ಮೂರು ಬೆಳಕುಗಳನ್ನು ಗೆರೆಗೊಂದರಂತೆ ಸರದಿಯಲ್ಲಿ ಮಿನುಗಿಸಿದರೆ ಒಂದೇ ಓಟದಲ್ಲಿ ಮೂರು ಬಿಂಬಗಳು ದೊರೆಯುತ್ತವೆ. ಆಗ ಹಲಗೆಯನ್ನು ಮೂರರಷ್ಟು ನಿಧಾನವಾಗಿ ಸರಿಸಬೇಕು ಅಥವಾ ಗ್ರಾಹಕದ ವೇಗ ಮೂರರಷ್ಟಿರಬೇಕು. ಗರಿಗೆ ಎಣ್ಣೆ ಸವರಿದ್ದರೆ ಅದು ಆರಿದ ಬಳಿಕವೇ ಕೆಲಸ ಆರಂಭಿಸುವುದು ಉಚಿತ. ಇಲ್ಲವಾದರೆ ಹೊಳಪು ಅಕ್ಷರವನ್ನು ನುಂಗುತ್ತದೆ.

ಉಪಸಂಹಾರ

ಗ್ರಂಥವನ್ನು ಬಸದಿಯಿಂದಾಗಲಿ ದೇವರಕೋಣೆಯಿಂದಾಗಲಿ ಹೊರಗೆ ಕಳುಹಿಸಲು ಶ್ರಾವಕರು ಹಿಂಜರಿಯುವುದು ಶ್ರುತಭಕ್ತಿಯಿಂದಲೇ ಹೊರತು ಸಂಕುಚಿತ ಭಾವದಿಂದಲ್ಲ. ಗ್ರಂಥ ಯಂತ್ರದ ಬಳಿಗೆ ಬಾರದಿದ್ದಲ್ಲಿ ಯಂತ್ರವೇ ಗ್ರಂಥದ ಬಳಿಗೆ ಹೋಗಬೇಕು. ಒಬ್ಬರು ಚೀಲದಲ್ಲಿ ಒಯ್ಯಬಹುದಾದ, ಬ್ಯಾಟರಿಯಿಂದ ನಡೆಯುವ, ಊರಿನ ಫರಸಿಕಲ್ಲಿನ ಮೇಲೆ ನೆಲೆಗೊಳ್ಳುವ ಕೈಸ್ಕ್ಯಾನರಿನ ಪ್ರಯೋಜನ ಇದೇ. ಕೆಲಸಕ್ಕೆ ಇಬ್ಬರಿದ್ದು, ಒಬ್ಬರು ಗರಿಯನ್ನು ಎತ್ತಿಕೊಡುತ್ತ ಗರಿಸಂಖ್ಯೆಯನ್ನು ಗಟ್ಟಿಯಾಗಿ ಹೇಳುವುದು, ಇನ್ನೊಬ್ಬರು ಹಲಗೆಯನ್ನು ಸರಿಸುವುದು, ಐವತ್ತು ಗರಿಗಳಿಗೊಮ್ಮೆ ಸ್ಥಾನ ಬದಲಿಸಿ ವಿಶ್ರಮಿಸುವುದು ಒಳ್ಳೆಯ ಪದ್ಧತಿ. ದಿನದ ಕೊನೆಯಲ್ಲಿ ಕಟ್ಟನ್ನು ಬಿಗಿಯುವ ಮುನ್ನ ಗರಿಗಳ ಸಂಖ್ಯೆಯನ್ನೂ ಬಿಂಬಗಳ ಸಂಖ್ಯೆಯನ್ನೂ ತಾಳೆನೋಡಬೇಕು. ಬಿಂಬದಲ್ಲಿ ಒಂದು ಗರಿ ತಪ್ಪಿದೆಯೆಂಬುದು ಕಟ್ಟು ಎದುರಿಗಿರುವಾಗಲೇ ತಿಳಿಯಬೇಕು. ಅನಂತರ ತಿಳಿದರೆ ಮತ್ತೊಮ್ಮೆ ಆ ಊರಿಗೆ ಹೋಗಬೇಕಾಗುತ್ತದೆ, ಹೋಗುವ ವೇಳೆಗೆ ಆ ಗರಿ ಉಳಿದಿರುತ್ತದೆ ಎಂಬ ಭರವಸೆಯಿಲ್ಲ.