ಆಟದ ಹಡಗು ಏಕೆ ಮಗುಚಿತು?

ಮಳವಳ್ಳಿ ತಾಲ್ಲೂಕಿನಲ್ಲಿ, ಶಿವನಸಮುದ್ರದ ಬಳಿ, ಬ್ಲಫ್ ಎಂಬ ಪುಟ್ಟ ಊರಿದೆ. ೧೯೦೨ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುಚ್ಛಕ್ತಿಯನ್ನು ಕಳುಹಿಸಿದ ವಿದ್ಯುದಾಗಾರವು ಇಲ್ಲಿಯ ಕಡಿದಾದ ದಂಡೆಯ ಕೆಳಗಿದೆ. ಬ್ಲಫ್ ಎಂದರೆ ಆಂಗ್ಲ ಭಾಷೆಯಲ್ಲಿ ಅಂತಹ ದಂಡೆಯೇ. ಆದರೆ ಈ ಪದ ಮೊದಲು ನಾವಿಕರದು. ಅಗಲವಾಗಿ ನೆಟ್ಟಗೆ ನಿಂತ ಹಡಗಿನ ಮೂತಿಯನ್ನು ಅವರು ಹೀಗೆ ಬಣ್ಣಿಸುತ್ತಿದ್ದರು. ಹೆಸರಿನಲ್ಲಿ ಮಾತ್ರ ಸಮುದ್ರವುಳ್ಳ ಸ್ಥಳಕ್ಕೆ ಹಡಗಿನ ಮಾತು ಬಂದು ಸೇರಿದ್ದು ವಿನೋದವೇ ಸರಿ.

ಈ ಊರಿನ ನನ್ನ ವಿದ್ಯಾರ್ಥಿಯೊಬ್ಬನು ಒಂದು ದಿನ ತರಗತಿ ಮುಗಿದ ಮೇಲೆ ಬಟ್ಟೆಯಲ್ಲಿ ಸುತ್ತಿದ ಗಂಟೊಂದನ್ನು ಮೇಜಿನ ಮೇಲಿಟ್ಟನು. ಒಳಗೆ ಕೂವೆಮರಗಳು ಮುರಿದ ಮರದ ಹಡಗು. ೧೮೦೫ರ ಟ್ರಫಾಲ್ಗರ್ ಕದನದಲ್ಲಿ ನೆಲ್ಸನ್ ನಿಂತು ಹೋರಾಡಿದ 'ವಿಕ್ಟರಿ' ಎಂಬ ಯುದ್ಧನೌಕೆಯ ಪ್ರತಿಕೃತಿ ಅದು. ಮರಗೆಲಸದಲ್ಲಿ ನುರಿತ ಅವನ ತಾತ ನಕ್ಷೆಯನ್ನು ಮುಂದಿಟ್ಟುಕೊಂಡು, ಎಲ್ಲವನ್ನೂ ನೂರರಲ್ಲೊಂದು ಪ್ರಮಾಣಕ್ಕೆ ಇಳಿಸಿ, ನಾಲ್ಕು ವರ್ಷ ಕುಳಿತು ಕೆತ್ತಿದ್ದರಂತೆ. ಹುಡುಗ ಅದರೊಳಗೆ ಹೊಳೆಯ ಕಲ್ಲುಗಳನ್ನು ತುಂಬಿ, ನೀರು ಸರಿಯಾಗಿ ಗುರುತಿನ ಗೆರೆಯವರೆಗೆ ಬರುವಂತೆ ಮಾಡಿ, ತೊಟ್ಟಿಯಲ್ಲಿ ತೇಲಿಬಿಟ್ಟನು. ಗಾಳಿ ಬೀಸಿತು, ಹಡಗು ಮಗುಚಿ ತೊಟ್ಟಿಯ ಗೋಡೆಗೆ ಬಡಿಯಿತು.

"ತಾತನ ಲೆಕ್ಕ ಎಲ್ಲಿ ತಪ್ಪಿತು ಸಾರ್? ಅವರು ಅವತ್ತಿನಿಂದ ಉಳಿ ಮುಟ್ಟಿಲ್ಲ" ಎಂದನು.

ನಾನು ಅಳತೆಪಟ್ಟಿ ಹಿಡಿದು ನೋಡಿದೆನು. ತಪ್ಪು ಎಲ್ಲಿಯೂ ಇರಲಿಲ್ಲ. ಎಲ್ಲವೂ ಸರಿಯಾಗಿದ್ದುದರಿಂದಲೇ ಅದು ಮಗುಚಿತ್ತು. ಈ ವಿಚಿತ್ರವನ್ನು ವಾಚಕರು ನನ್ನೊಡನೆ ಲೆಕ್ಕ ಹಾಕಿ ನೋಡಬೇಕು.

ವಿಕ್ಟರಿಯ ಫಿರಂಗಿ ಅಟ್ಟದ ಉದ್ದ ಸುಮಾರು ೫೭ ಮೀಟರು, ತೂಕ ಸುಮಾರು ೩,೫೦೦ ಟನ್ನು, ಹಾಯಿಗಳನ್ನೆಲ್ಲ ಬಿಚ್ಚಿದರೆ ಅವುಗಳ ವಿಸ್ತೀರ್ಣ ಹೆಚ್ಚುಕಡಿಮೆ ೫,೪೦೦ ಚದರ ಮೀಟರು. ಪ್ರತಿಕೃತಿಯಲ್ಲಿ ಉದ್ದವು ನೂರರಲ್ಲೊಂದು, ಅಂದರೆ ೫೭ ಸೆಂಟಿಮೀಟರು. ವಿಸ್ತೀರ್ಣಕ್ಕೆ ಉದ್ದವೂ ಅಗಲವೂ ಸೇರುವುದರಿಂದ ಹಾಯಿಯು ಹತ್ತು ಸಾವಿರದಲ್ಲೊಂದು ಪಾಲಿಗೆ ಇಳಿಯುತ್ತದೆ; ಅರ್ಧ ಚದರ ಮೀಟರಿಗಿಂತ ತುಸು ಹೆಚ್ಚು. ತೂಕವಾದರೋ ಘನಫಲವನ್ನು ಅನುಸರಿಸುತ್ತದೆ. ಅದು ಹತ್ತು ಲಕ್ಷದಲ್ಲೊಂದು ಪಾಲಾಗಿ, ಕೇವಲ ಮೂರೂವರೆ ಕಿಲೋಗ್ರಾಂ ಉಳಿಯುತ್ತದೆ.

ಇನ್ನು ಸೆಕೆಂಡಿಗೆ ೫ ಮೀಟರು ವೇಗದ ಗಾಳಿ ಬೀಸಲಿ. ಅದು ಪ್ರತಿ ಚದರ ಮೀಟರನ್ನು ಸುಮಾರು ಒಂದೂವರೆ ಕಿಲೋಗ್ರಾಂ ತೂಕದಷ್ಟು ಬಲದಿಂದ ತಳ್ಳುತ್ತದೆ. ನಿಜವಾದ ನೌಕೆಯ ಮೇಲೆ ಬೀಳುವ ಒಟ್ಟು ಬಲ ೮ ಟನ್ನು. ೩,೫೦೦ ಟನ್ನಿನ ಮುಂದೆ ಅದೆಷ್ಟರದು? ಪ್ರತಿಕೃತಿಯ ಮೇಲೆ ಬೀಳುವುದು ೮೦೦ ಗ್ರಾಂ. ಮೂರೂವರೆ ಕಿಲೋಗ್ರಾಮಿನ ಮುಂದೆ ಇದು ಹತ್ತಿರ ಹತ್ತಿರ ಕಾಲು ಪಾಲು! ಹಡಗನ್ನು ಮಲಗಿಸುವುದು ಹಾಯಿಯ ಮೇಲಿನ ಗಾಳಿ, ಮತ್ತೆ ನೆಟ್ಟಗೆ ನಿಲ್ಲಿಸುವುದು ತೂಕ. ಸನ್ನೆಯ ತೋಳುಗಳು ಎರಡು ಕಡೆಯೂ ನೂರರಲ್ಲೊಂದಕ್ಕೇ ಕುಗ್ಗುವುದರಿಂದ ಅಲ್ಲಿ ಯಾರಿಗೂ ಲಾಭವಿಲ್ಲ. ತಾತನು ಹಡಗನ್ನು ನೂರು ಪಾಲು ಚಿಕ್ಕದು ಮಾಡಿದರು. ಬ್ಲಫಿನ ಗಾಳಿಯನ್ನು ಚಿಕ್ಕದು ಮಾಡಬಲ್ಲವರಾರು?

ಎಷ್ಟು ಚಿಕ್ಕದು ಮಾಡಬೇಕಾಗಿತ್ತೆಂಬುದಕ್ಕೂ ಉತ್ತರವುಂಟು. ಗಾಳಿಯ ಒತ್ತಡವು ವೇಗದ ವರ್ಗದಂತೆ ಬದಲಾಗುತ್ತದೆ. ಆದ್ದರಿಂದ ವೇಗವನ್ನು ಹತ್ತರಲ್ಲೊಂದಕ್ಕೆ ಇಳಿಸಿದರೆ ಒತ್ತಡ ನೂರರಲ್ಲೊಂದಾಗಿ ಲೆಕ್ಕ ಸರಿಹೋಗುತ್ತದೆ. ಉದ್ದಕ್ಕೆ ನೂರು, ವೇಗಕ್ಕೆ ಅದರ ವರ್ಗಮೂಲವಾದ ಹತ್ತು. ಇಂಗ್ಲೆಂಡಿನ ವಿಲಿಯಂ ಫ್ರೂಡ್ ಎಂಬ ಎಂಜಿನಿಯರು ಹಡಗುಗಳು ಎಬ್ಬಿಸುವ ಅಲೆಗಳ ವಿಷಯದಲ್ಲಿ ಪ್ರಯೋಗದಿಂದ ತೋರಿಸಿದ ನಿಯಮವೂ ಇದೇ. ೧೮೭೨ರಲ್ಲಿ ಟಾರ್ಕಿಯಲ್ಲಿ ಆತನು ಉದ್ದನೆಯ ತೊಟ್ಟಿಯೊಂದನ್ನು ಕಟ್ಟಿಸಿ, ಮೇಣದ ಮಾದರಿಗಳನ್ನು ನೀರಿನಲ್ಲಿ ಎಳೆಯಿಸಿ, ಅವುಗಳಿಂದ ದೊಡ್ಡ ಹಡಗುಗಳ ಗುಣವನ್ನು ಕಂಡುಹಿಡಿದನು. ನಮ್ಮ ಜಿಲ್ಲೆಯ ಕೃಷ್ಣರಾಜಸಾಗರದಲ್ಲಿರುವ ಎಂಜಿನಿಯರಿಂಗ್ ಸಂಶೋಧನಾ ಕೇಂದ್ರದಲ್ಲಿ ಅಣೆಕಟ್ಟುಗಳ ಮಾದರಿಯ ಮೇಲೆ ನೀರು ಹರಿಸಿ ನೋಡುವುದಕ್ಕೂ ಈ ನಿಯಮವೇ ಆಧಾರ.

ದೊಡ್ಡ ಹಡಗುಗಳು ಮಗುಚುವುದೇ ಇಲ್ಲವೆಂದಲ್ಲ. ಸ್ವೀಡನ್ನಿನ 'ವಾಸಾ' ೧೬೨೮ರ ಆಗಸ್ಟ್ ೧೦ರಂದು ತನ್ನ ಮೊದಲ ಯಾನದಲ್ಲಿಯೇ, ೧,೩೦೦ ಮೀಟರು ಸಾಗುವುದರೊಳಗೆ, ಸಾಧಾರಣ ಗಾಳಿಗೆ ವಾಲಿ ಮುಳುಗಿತು. ಸುಮಾರು ಮೂವತ್ತು ಜನ ಸತ್ತರು. ಎರಡು ಅಟ್ಟಗಳ ತುಂಬ ಫಿರಂಗಿಗಳಿದ್ದು ಭಾರವೆಲ್ಲ ಮೇಲಾಗಿತ್ತು. ಅದಕ್ಕೂ ಮೊದಲು ಮೂವತ್ತು ಮಂದಿ ಆಳುಗಳನ್ನು ಅಟ್ಟದ ಮೇಲೆ ಪಕ್ಕದಿಂದ ಪಕ್ಕಕ್ಕೆ ಓಡಿಸಿ ಪರೀಕ್ಷಿಸಿದ್ದರು. ಮೂರನೆಯ ಓಟಕ್ಕೇ ಹಡಗು ತೂಗಾಡಿದ್ದನ್ನು ಕಂಡು ಪರೀಕ್ಷೆಯನ್ನು ನಿಲ್ಲಿಸಿದರು, ಯಾನವನ್ನು ನಿಲ್ಲಿಸಲಿಲ್ಲ! ೧೯೬೧ರಲ್ಲಿ ಮೇಲೆತ್ತಿದ ಆ ಹಡಗು ಈಗ ಸ್ಟಾಕ್‌ಹೋಮಿನ ವಸ್ತುಸಂಗ್ರಹಾಲಯದಲ್ಲಿದೆ.

ಮಾದರಿಯನ್ನು ಮುಂದಿಟ್ಟುಕೊಂಡು ಯುದ್ಧನೌಕೆ ಕಟ್ಟುವ ಪದ್ಧತಿ ನಮಗೆ ಹೊಸದಲ್ಲ. ಶ್ರೀರಂಗಪಟ್ಟಣದಲ್ಲಿ ಕುಳಿತು ೧೭೯೬ರಲ್ಲಿ ಸುಮಾರು ನಾಲ್ವತ್ತು ಯುದ್ಧನೌಕೆಗಳಿಗೆ ಅಪ್ಪಣೆ ಮಾಡಿದ ಟಿಪ್ಪು ಸುಲ್ತಾನನು ಅವುಗಳ ಮಾದರಿಯನ್ನು ತಾನೇ ಒದಗಿಸಿದನೆಂದು ಇತಿಹಾಸಕಾರರು ಬರೆದಿದ್ದಾರೆ. ಮಂಗಳೂರು ಮೊದಲಾದ ಕರಾವಳಿಯ ಎಡೆಗಳಲ್ಲಿ, ಪಶ್ಚಿಮಘಟ್ಟದ ತೇಗದಿಂದ, ಅವು ಸಿದ್ಧವಾಗಬೇಕಾಗಿದ್ದವು. ೧೭೯೯ರಲ್ಲಿ ಸುಲ್ತಾನನು ಮಡಿದು ಆ ಯೋಜನೆ ಅಲ್ಲಿಗೇ ನಿಂತಿತು.

ತೇಗದ ಮಾತು ಬಂದುದರಿಂದ ಇನ್ನೊಂದು ಸಂಗತಿ. ನಿಜವಾದ ಹಡಗಿಗೆ ತೇಗ ಉತ್ತಮ, ಪ್ರತಿಕೃತಿಗೆ ಅಷ್ಟು ಹೊಂದದು. ಮರದ ಎಳೆಯನ್ನು ನೂರು ಪಾಲು ಸಣ್ಣದು ಮಾಡಲಾಗುವುದಿಲ್ಲವಷ್ಟೆ. ತೇಗದ ದಪ್ಪ ಎಳೆಗಳು ಪುಟ್ಟ ಹಲಗೆಯ ಮೇಲೆ ಒರಟಾಗಿ ಎದ್ದು ಕಾಣುತ್ತವೆ. ಆದುದರಿಂದಲೇ ಸಂಗ್ರಹಯೋಗ್ಯ ಮಾದರಿಗಳನ್ನು ಮಾಡುವವರು ನಯವಾದ ಎಳೆಯ ಮರವನ್ನು ಹುಡುಕುತ್ತಾರೆ. ಈ ತಾತನು ಆರಿಸಿದ್ದು ಚನ್ನಪಟ್ಟಣದ ಬೊಂಬೆಯವರು ಬಳಸುವ ಆಲೆಮರ. ಯಾರೂ ಹೇಳಿಕೊಡದೆ ಅದನ್ನು ಆರಿಸಿದ ಕೈಗೆ ನಾನು ಮನಸ್ಸಿನಲ್ಲಿಯೇ ವಂದಿಸಿದೆನು.

ಹುಡುಗನು ಲೆಕ್ಕದ ಹಾಳೆಯನ್ನು ಮಡಿಸಿಕೊಂಡು ಊರಿಗೆ ಹೋದನು. ಮುಂದಿನ ವಾರ ಬಂದಾಗ ತಾತನ ಪ್ರಶ್ನೆಯೊಂದನ್ನು ತಂದಿದ್ದನು: ಹಡಗಿನ ಅಡಿಯಲ್ಲಿ ಸೀಸದ ಗಟ್ಟಿಯನ್ನು ಎಷ್ಟು ಆಳಕ್ಕೆ ಇಳಿಬಿಟ್ಟರೆ ಗಾಳಿಯನ್ನು ತಡೆದೀತು? ಹಾಗೆ ಮಾಡಿದರೆ ಹಡಗು ನಿಲ್ಲುತ್ತದೆ, ಆದರೆ ಅದು ವಿಕ್ಟರಿಯಾಗಿ ಉಳಿಯುವುದಿಲ್ಲವೆಂದು ಹೇಳಿ ಕಳುಹಿಸಿದೆನು. ಹಳೆಯದರ ಕೂವೆಮರಗಳನ್ನು ಸರಿಪಡಿಸಿ ಕಪಾಟಿನಲ್ಲಿಡುವುದಾಗಿಯೂ, ಸೀಸವನ್ನು ಕಟ್ಟುವುದಕ್ಕೆ ಬೇರೊಂದು ಹಡಗನ್ನು ಕೆತ್ತಲು ತೊಡಗಿರುವುದಾಗಿಯೂ ಉತ್ತರ ಬಂದಿದೆ.